ಬೀಗ ಹಾಕದೆ ಊಟಕ್ಕೆದ್ದ ಸಭೆ

ಆನ್ಸೆಲ್ ವಾಡ್ಲಿ ತನ್ನ ಗುಲಾಬಿ ಬಣ್ಣದ ವೋಟಿನ ಚೀಟಿಯನ್ನು ಮಡಚಿ, ಮತ್ತೆ ಮಡಚಿ, ಇನ್ನು ಮಡಚಲಾಗದು ಅನ್ನುವಷ್ಟು ಚಿಕ್ಕದು ಮಾಡಿ ಮರದ ಡಬ್ಬಿಯೊಳಗೆ ಬಿಟ್ಟ. ಕಳ್ಳನಿಗೂ ಅಷ್ಟು ಜಾಗ್ರತೆ ಇರುವುದಿಲ್ಲ. ಡಬ್ಬಿ ಕಾಯುತ್ತಿದ್ದ ಎಡ್ನಾ ಸ್ಲೀಪರ್ ಕನ್ನಡಕದ ಮೇಲಿಂದ ನೋಡಿ, "ಅದೇನಪ್ಪ ಲವ್ ಲೆಟರ್ರಾ? ಎಣಿಸೋರು ಬಿಡಿಸ್ಬೇಕಲ್ಲ" ಅಂದರು. ಎಡ್ನಾ ಊರ ಸಭೆಯ ಅಧ್ಯಕ್ಷೆ. ಆನ್ಸೆಲ್ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಕಾಲದಿಂದಲೂ ಅವರೇ ಅಧ್ಯಕ್ಷೆ. ಅವರ ಕೈಯ ಮರದ ಸುತ್ತಿಗೆಗೆ ಊರಿನ ನಾಯಿಗಳೂ ಹೆದರುತ್ತಿದ್ದವು.

ಆನ್ಸೆಲ್ ಹಲ್ಲು ಕಿರಿದು ಪಕ್ಕಕ್ಕೆ ಸರಿದ. ಸಾಲಿನಲ್ಲಿ ಅವನ ಹಿಂದೆಯೇ ಹೆಂಡತಿ ಕೊರಿನ್ ಇದ್ದಳು. ಅವಳ ಕೋಟಿನ ಮೇಲೆ 'ನಮ್ಮ ಶಾಲೆ ನಮ್ಮೂರಲ್ಲೇ' ಎಂಬ ದುಂಡನೆಯ ಬಿಲ್ಲೆ. ಅಂಥದ್ದೇ ಬಿಲ್ಲೆ ಆನ್ಸೆಲ್ಲನ ಕೋಟಿನ ಮೇಲೂ ಇತ್ತು. ಬೆಳಿಗ್ಗೆ ಅವಳೇ ಚುಚ್ಚಿದ್ದಳು. ಅದೇ ಮಾತನ್ನು ದಪ್ಪ ಹಸಿರು ಅಕ್ಷರದಲ್ಲಿ ಬರೆದ ಪ್ಲೈವುಡ್ ಹಲಗೆ ಅವರ ಪಿಕಪ್ಪಿನ ಹಿಂದೆ ಬಿದ್ದಿತ್ತು. ಬಿಲ್ಲೆ ಎದೆಯ ಮೇಲೆ, ಚೀಟಿ ಡಬ್ಬಿಯೊಳಗೆ. ಎರಡಕ್ಕೂ ಮಾತುಕತೆ ನಿಂತುಹೋಗಿ ಬಹಳ ದಿನವಾಗಿತ್ತು.

ವಿಷಯ ಇಷ್ಟೇ. ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಟ್ಯಾಸ್ಕರ್‌ನಂಥ ಊರಲ್ಲಿ ಶಾಲೆ ನಡೆಯುವುದು ಊರವರ ಮನೆ, ಜಮೀನಿನ ಮೇಲಿನ ತೆರಿಗೆಯಿಂದ. ಶಾಲೆ ಎಷ್ಟು ಕೇಳುತ್ತದೋ ಅದನ್ನು ಎಲ್ಲರ ಆಸ್ತಿಯ ಬೆಲೆಗೆ ತಕ್ಕ ಹಾಗೆ ಹಂಚುತ್ತಾರೆ. ಕೊಡಬೇಕೋ ಬೇಡವೋ ಎಂದು ಪ್ರತಿ ಮಾರ್ಚಿನಲ್ಲಿ ಊರಿಗೆ ಊರೇ ಶಾಲೆಯ ಆಟದ ಹಾಲಿನಲ್ಲಿ, ಅಂದರೆ ಜಿಮ್ಮಿನಲ್ಲಿ, ಕಬ್ಬಿಣದ ಕುರ್ಚಿ ಹಾಕಿಕೊಂಡು ಕೂತು ಜಗಳವಾಡುತ್ತದೆ. ಈ ಸಲ ಶಾಲೆ ಕೇಳಿದ್ದು ಜಾಸ್ತಿ. ಕೇಳಿದಷ್ಟೂ ಕೊಟ್ಟರೆ ಎಲ್ಲರ ತೆರಿಗೆ ಏರುತ್ತದೆ. ಕಡಿತ ಮಾಡಿದರೆ ಮೇಲಿನ ತರಗತಿಗಳು ಮುಚ್ಚಿಹೋಗಿ ಮಕ್ಕಳು ಗುಡ್ಡ ದಾಟಿ ಪಕ್ಕದೂರಿಗೆ ಬಸ್ಸಿನಲ್ಲಿ ಹೋಗಬೇಕು. ಆನ್ಸೆಲ್ಲನ ಮಗಳು ಮೇವಿಸ್ ಕೂಡ.

ಮೇವಿಸ್ ಹೋಗಬಾರದು, ಸರಿ. ಆದರೆ ಆನ್ಸೆಲ್ಲನಿಗೆ ಮೇಪಲ್ ಮರಗಳಿದ್ದವು. ಸೊಳ್ಳೆ ಕಾಟಕ್ಕೆ ಕೆರೆದಂಡೆಯನ್ನು ಯಾರೂ ಮೂಸಿಯೂ ನೋಡದ ಕಾಲದಲ್ಲಿ, ಮದುವೆಗೂ ಮೊದಲು, ಜನ ಹಿಮದಲ್ಲಿ ಜಾರಾಡಲು ಬರುವ ಬೆಟ್ಟದಲ್ಲಿ ದುಡಿದ ದುಡ್ಡನ್ನೆಲ್ಲ ಸುರಿದು ಆ ತೋಪನ್ನು ಕೊಂಡಿದ್ದ. ಮಾರ್ಚ್ ಬಂತೆಂದರೆ ಮರಕ್ಕೆ ಕೊಳವೆ ಬಡಿದು, ರಸ ಇಳಿಸಿ, ಅಲ್ಲೇ ಕಟ್ಟಿಕೊಂಡ ಆಲೆಮನೆಯಲ್ಲಿ ಹಗಲು ರಾತ್ರಿ ಕಾಯಿಸಿ ಪಾಕ ತೆಗೆಯುತ್ತಿದ್ದ. ಆಮೇಲೆ ಬಾಸ್ಟನ್ನಿನ ಜನಕ್ಕೆ ಅದೇ ಕೆರೆ ಕಣ್ಣಿಗೆ ಬಿತ್ತು. ಸುತ್ತ ಗಾಜಿನ ಮನೆಗಳೆದ್ದವು. ಆನ್ಸೆಲ್ಲನ ಮರಗಳು ಒಂದು ತೊಟ್ಟು ರಸವನ್ನೂ ಹೆಚ್ಚು ಕೊಡಲಿಲ್ಲ. ಆದರೆ ಅವು ನಿಂತ ನೆಲದ ಬೆಲೆ ಏರಿತು, ಅದರ ಬೆನ್ನಿಗೇ ತೆರಿಗೆಯೂ. ಇನ್ನೊಂದು ಸಲ ಏರಿದರೆ ತೋಪು ಮಾರುವುದೇ. ಕೊಳ್ಳಲು ಬಾಸ್ಟನ್ನಿನವನೊಬ್ಬ ಬೇಲಿಯಾಚೆ ಕಾಫಿ ಲೋಟ ಹಿಡಿದು ನಗುತ್ತಾ ನಿಂತೇ ಇದ್ದ.

ಕೊರಿನ್ನಳಿಗೆ ಇದೆಲ್ಲ ಗೊತ್ತಿತ್ತು. ಅವಳ ಲೆಕ್ಕ ಸಲೀಸು. "ಮಾರೋಣ ಬಿಡು. ನಿನ್ ಮರಗಳೇನು ಬಸ್ಸಲ್ಲಿ ಕೂತು ವಾಂತಿ ಮಾಡ್ಕೊಳಲ್ಲ, ಮೇವಿಸ್ ಮಾಡ್ಕೋತಾಳೆ," ಎಂದು ಪಾತ್ರೆ ಒರೆಸುತ್ತಾ ಹೇಳಿದ್ದಳು. ಆನ್ಸೆಲ್ "ಹೂಂ" ಅಂದಿದ್ದ. ಆ ಒಂದು ಹೂಂ ನಂಬಿಕೊಂಡು ಅವಳು ಚಳಿಗಾಲವಿಡೀ ಮನೆ ಮನೆ ತಿರುಗಿ ಶಾಲೆಯ ಪರ ವೋಟು ಕೇಳಿದಳು. ಹಲಗೆಗೆ ಬಣ್ಣ ಬಳಿದಳು. ಆನ್ಸೆಲ್ ಬಣ್ಣದ ಡಬ್ಬ ಹಿಡಿದುಕೊಂಡು ನಿಂತಿದ್ದ.

ಅವನ ನಿಜವಾದ ಮನಸ್ಸು ಗೊತ್ತಿದ್ದದ್ದು ಒಬ್ಬನಿಗೆ ಮಾತ್ರ, ಮರ್ಲ್ ದುಫೋಗೆ. ಮರ್ಲ್ ಬಾಲ್ಯದ ಗೆಳೆಯ, ಪಕ್ಕದ ಮನೆಯವನು, ಚಳಿಗಾಲದಲ್ಲಿ ಊರ ರಸ್ತೆಗಳ ಹಿಮ ತಳ್ಳುವ ಲಾರಿಯವನು, ಕಡಿತದ ಕಡೆಯ ಮುಖಂಡ. ಆಲೆಮನೆಯ ಹಬೆಯಲ್ಲಿ ಕೂತು ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದರು. "ನೀನು ಬಿಲ್ಲೆ ಹಾಕ್ಕೋ, ಹಲಗೆ ಹೊತ್ಕೋ, ಹೆಂಡ್ತಿ ಹೇಳ್ದಂಗೆ ಕುಣಿ," ಅಂದಿದ್ದ ಮರ್ಲ್. "ವೋಟಿನ ಪರದೆ ಒಳಗೆ ಹೋದಾಗ ಮಾತ್ರ ನಮ್ಮವನಾಗಿರು ಮಗಾ, ಅಷ್ಟು ಸಾಕು."

ಆನ್ಸೆಲ್ ಪರದೆಯೊಳಗೆ ಅವರವನಾಗಿದ್ದ.

ಎಣಿಕೆ ಮುಗಿಯಿತು. ಆರು ವೋಟಿನ ಅಂತರದಲ್ಲಿ ಕಡಿತ ಗೆದ್ದಿತು. ಒಂದು ಕಡೆ ಚಪ್ಪಾಳೆ, ಇನ್ನೊಂದು ಕಡೆ ಮೂಗು ಸೀಟುವ ಸದ್ದು. ಕೊರಿನ್ ಕೈಗವಸು ತೆಗೆದಳು, ಮತ್ತೆ ಹಾಕಿಕೊಂಡಳು. ಆನ್ಸೆಲ್ ಅವಳ ಬೆನ್ನ ಮೇಲೆ ಕೈಯಿಟ್ಟ. ಅವಳು ಆ ಕೈಗೆ ಒರಗಿದಳು. ಅವನಿಗೆ ಆ ಕೈ ಬೇರೆ ಯಾರದ್ದೋ ಅನ್ನಿಸಿತು.

ಟ್ಯಾಸ್ಕರಿನಲ್ಲಿ ಗೆದ್ದವರು ತಕ್ಷಣ ಮಾಡುವ ಕೆಲಸವೊಂದಿದೆ. ಅವರಲ್ಲೊಬ್ಬರು ಎದ್ದು "ಅಧ್ಯಕ್ಷರೇ, ಬೀಗ ಹಾಕಿಸಿ" ಅನ್ನುತ್ತಾರೆ. ಸಭೆ ಹೂಂಗುಟ್ಟುತ್ತದೆ. ಅಲ್ಲಿಗೆ ಮುಗಿಯಿತು, ಆ ವಿಷಯವನ್ನು ಆ ದಿನ ಯಾರೂ ಮತ್ತೆ ಎತ್ತುವಂತಿಲ್ಲ. ಬೀಗ ಹಾಕದಿದ್ದರೆ ಸಭೆ ಮುಗಿಯುವವರೆಗೂ ಮತ್ತೊಮ್ಮೆ ವೋಟಿಗೆ ಹಾಕಬಹುದು. ಆದರೆ ಹಾಗೆ ಕೇಳುವ ಹಕ್ಕು ಗೆದ್ದ ಕಡೆ ವೋಟು ಹಾಕಿದವರಿಗೆ ಮಾತ್ರ. ಸೋತವರು ತಲೆ ಚಚ್ಚಿಕೊಂಡರೂ ಕೇಳುವಂತಿಲ್ಲ.

ಎಲ್ಲ ವರ್ಷವೂ ಬೀಗ ಬೀಳುತ್ತಿತ್ತು. ಈ ವರ್ಷ ಎಡ್ನಾ ಫಲಿತಾಂಶ ಓದಿ ಮುಗಿಸುವುದಕ್ಕೂ ಎಂಟನೇ ತರಗತಿಯ ಮಕ್ಕಳು ಅಡುಗೆಮನೆಯ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಪ್ರವಾಸದ ಖರ್ಚಿಗೆಂದು ಊಟ ಮಾರುವುದು ಆ ಮಕ್ಕಳ ಪದ್ಧತಿ. ಕಾಕಂಬಿ ಹಾಕಿ ಇಡೀ ರಾತ್ರಿ ಬೇಯಿಸಿದ ಬೀನ್ಸು, ಹಂದಿಮಾಂಸ, ಸೇಬಿನ ಪೈ. ವಾಸನೆ ಜಿಮ್ಮಿಗೆ ನುಗ್ಗಿದ್ದೇ ತಡ, ಗೆದ್ದವರು ಸೋತವರು ಎನ್ನದೆ ಎಲ್ಲರೂ ತಟ್ಟೆ ಹಿಡಿದು ಓಡಿದರು. ಎಡ್ನಾ ಕೂಡ. ಬೀಗ ಯಾರ ತಲೆಗೂ ಬರಲಿಲ್ಲ.

ಹೊರಗೆ ಹಿಮ ದಟ್ಟವಾಗಿ ಬೀಳತೊಡಗಿತ್ತು. ಕಡಿತದ ಕಡೆಯವರು ಹೆಚ್ಚಾಗಿ ಗುಡ್ಡದ ಮೇಲಿನ ದೂರದ ಮನೆಗಳವರು. ಗೆದ್ದಾಯಿತು, ಉಂಡಾಯಿತು, ರಸ್ತೆ ಮುಚ್ಚುವ ಮೊದಲು ಮನೆ ಸೇರೋಣ ಎಂದು ಒಬ್ಬೊಬ್ಬರೇ ಗಾಡಿ ಹತ್ತಿದರು. ಮರ್ಲ್‌ನನ್ನೂ ಹಿಮ ತಳ್ಳಲು ರೇಡಿಯೋದಲ್ಲಿ ಕರೆದರು. ಅವನು ಕೋಟು ನೇತುಹಾಕುವ ಗೂಟದ ಹತ್ತಿರ, ಬಾಯ್ತುಂಬ ಪೈ ಇಟ್ಟುಕೊಂಡೇ ಆನ್ಸೆಲ್ಲನನ್ನು ಹಿಡಿದ.

"ಬೀಗ ಮರ್ತೇ ಬಿಟ್ವಲ್ಲೋ. ಊಟ ಆದ್ಮೇಲೆ ನೀನೇ ಎದ್ದು ಹಾಕ್ಸಿಬಿಡು."

"ನಾನಾ? ಎದೆ ಮೇಲೆ ಏನಿದೆ ನೋಡು."

"ಕಿತ್ತು ಬಿಸಾಕು ಅದನ್ನ. ನಮ್ಮೋರು ಯಾರೂ ಉಳಿದಿಲ್ಲ, ಇದ್ರೆ ಆ ಡ್ವೈಟ್ ಒಬ್ಬ, ಅವ್ನು ಬಾಯಿ ಬಿಟ್ರೆ ಬರೀ ಆಕಳಿಕೆ ಬರತ್ತೆ. ನಾನೊಂದು ರೌಂಡ್ ಹೊಡ್ಕೊಂಡು ಬರ್ತೀನಿ. ಅಷ್ಟರಲ್ಲಿ ಆಗಿರ್ಬೇಕು."

ಮರ್ಲ್ ಟೋಪಿ ಎಳೆದುಕೊಂಡು ಹೊರಟೇಬಿಟ್ಟ. ಆನ್ಸೆಲ್ ತಿರುಗಿ ನೋಡಿದ. ಜಿಮ್ಮಿನಲ್ಲಿ ಅರ್ಧಕ್ಕರ್ಧ ಕುರ್ಚಿ ಖಾಲಿ. ತುಂಬಿದ ಕುರ್ಚಿಗಳ ಮೇಲೆಲ್ಲ ದುಂಡು ಬಿಲ್ಲೆಗಳು.

ಅದನ್ನು ನೋಡಿದ್ದು ಅವನೊಬ್ಬನೇ ಅಲ್ಲ. ಎಡ್ನಾ ಸುತ್ತಿಗೆ ಬಡಿದು ಶಾಲೆಯ ಚಾವಣಿ ರಿಪೇರಿಯ ವಿಷಯ ಎತ್ತುವಷ್ಟರಲ್ಲಿ ಕೊರಿನ್ ಎದ್ದು ನಿಂತಳು. ಮುಖಕ್ಕೆ ರಕ್ತ ನುಗ್ಗಿತ್ತು. ಬೆಳಗಿನ ತೀರ್ಮಾನಕ್ಕೆ ಬೀಗ ಬಿದ್ದಿದೆಯೇ ಎಂದು ಕೇಳಿದಳು. ಎಡ್ನಾ ತಮ್ಮ ಹಾಳೆ ತಿರುವಿ ನೋಡಿ, ಇಲ್ಲ ಅಂದರು. ಹಾಗಿದ್ದರೆ ಮತ್ತೆ ವೋಟಿಗೆ ಹಾಕಿ ಎಂದಳು ಕೊರಿನ್. ನೀನು ಯಾವ ಕಡೆ ಹಾಕಿದ್ದೆ ಎಂದು ಎಡ್ನಾ ಕೇಳಿದರು. ಉತ್ತರ ಎದೆಯ ಮೇಲೇ ಇತ್ತು. "ನಿನ್ ಕೈಲಿ ಆಗಲ್ಲ ಕಣಮ್ಮ," ಅಂದರು ಎಡ್ನಾ. "ಗೆದ್ದೋರು ಕೇಳ್ಬೇಕು. ಇಲ್ಲಿ ಕಡಿತಕ್ಕೆ ಹಾಕ್ದೋರು ಯಾರಾದ್ರೂ ಇದೀರಾ?"

ಚೀಟಿ ಗುಟ್ಟಿನದು. ಬಾಯಿಬಿಟ್ಟು ಹೇಳದಿದ್ದರೆ ದೇವರಿಗೂ ಗೊತ್ತಾಗುವ ಹಾಗಿರಲಿಲ್ಲ. ಯಾರೂ ಏಳಲಿಲ್ಲ.

ಕೊನೆಗೆ ಎದ್ದವನು ಲೆಸ್ಟರ್ ಪೈಕ್. ಪೆಟ್ರೋಲ್ ಬಂಕಿನವನು, ಊರಿನ ತರಲೆ. ನಾನೇ ಕಡಿತಕ್ಕೆ ಹಾಕಿದ್ದು ಅಂತ ಎದೆ ತಟ್ಟಿಕೊಂಡ. ಎಡ್ನಾ ಅವನನ್ನು ಟೋಪಿಯಿಂದ ಬೂಟಿನವರೆಗೆ ನೋಡಿದರು. ಟೋಪಿಯ ಮೇಲೆ ಎರಡು ಬಿಲ್ಲೆ, ಬೂಟಿಗೊಂದು ಬಿಲ್ಲೆ. "ಕೂತ್ಕೊ ಲೆಸ್ಟರ್. ಈ ಸಭೇಲಿ ಸುಳ್ಳು ಹೇಳಿದೋನ್ನ ಹೊರಗೆ ಹಾಕೋ ಅಧಿಕಾರ ನನಗಿದೆ, ಹೊರಗೆ ಚಳಿಯೂ ಇದೆ." ಎಲ್ಲರೂ ನಕ್ಕರು. ಆನ್ಸೆಲ್ ಎಲ್ಲರಿಗಿಂತ ಜೋರಾಗಿ ನಕ್ಕ. ನಗು ನಿಂತ ಮೇಲೂ ಅವನದು ಸ್ವಲ್ಪ ಮುಂದುವರಿದು, ಒಂಟಿಯಾಗಿ ಸತ್ತಿತು.

ಕೊರಿನ್ ಕೂರಲಿಲ್ಲ. ಖಾಲಿ ಕುರ್ಚಿಗಳ ಕಡೆಗೂ ತುಂಬಿದ ಕುರ್ಚಿಗಳ ಕಡೆಗೂ ಒಂದೇ ಸಮ ನೋಡುತ್ತಾ ಮಾತಾಡಿದಳು.

"ಇಲ್ಲಿ ಯಾರೋ ಒಬ್ರಾದ್ರೂ ಇದೀರ, ನಂಗೊತ್ತು. ನಿಮ್ಮನ್ನ ಬಯ್ಯಲ್ಲ. ಯಾಕ್ ಹಾಕಿದ್ರಿ ಅಂತಾನೂ ಕೇಳಲ್ಲ, ತೆರಿಗೆ ಯಾರಿಗೆ ಭಾರ ಅಲ್ಲ. ಎದ್ದು ನಿಂತ್ಕೊಳಿ, ಸಾಕು. ಆಮೇಲೆ ಬೇಕಿದ್ರೆ ಮತ್ತೆ ಕಡಿತಕ್ಕೇ ಹಾಕಿ."

ಕೂತವಳೇ ಆನ್ಸೆಲ್ಲನ ಕಿವಿಗೆ ಬಗ್ಗಿದಳು. "ಆ ಡ್ವೈಟೇ ಇರ್ಬೇಕು. ನೋಡು ಹೇಗೆ ಬೂಟು ನೋಡ್ತಾ ಕೂತಿದಾನೆ, ಹೇಡಿ. ಅವ್ನ ಹೆಂಡ್ತಿ ಅವ್ನ ಜೊತೆ ಅದ್ಹೇಗೆ ಬಾಳ್ತಾಳೋ."

ಆನ್ಸೆಲ್ ತಾನೂ ಬೂಟು ನೋಡುತ್ತಾ ಕೂತಿದ್ದವನು ತಲೆಯೆತ್ತಿದ. ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಎದುರಿಗೆ ಎಡ್ನಾ. ಎಡಕ್ಕೆ ಗೋಡೆ, ಗೋಡೆಗೆ ಮಕ್ಕಳು ಹತ್ತಿಳಿಯುವ ಕಟ್ಟಿಗೆಯ ಸರಳುಗಳು, ಸೀದಾ ಜೈಲಿನ ಸೆಟ್ಟು. ಬಲಕ್ಕೆ ಹೆಂಡತಿಯ ಮೊಣಕೈ. ಬೀಗ ಹಾಕಿಸಿ ಅಂದರೆ ಗುಟ್ಟು ರಟ್ಟಾಗುತ್ತದೆ. ಮತ್ತೆ ವೋಟಿಗೆ ಹಾಕಿ ಅಂದರೂ ರಟ್ಟಾಗುತ್ತದೆ, ಜೊತೆಗೆ ತೋಪೂ ಹೋಗುತ್ತದೆ, ಮರ್ಲ್ ಕೂಡ ಹೋಗುತ್ತಾನೆ. ಸುಮ್ಮನಿದ್ದರೆ ಎಲ್ಲವೂ ಉಳಿಯುತ್ತದೆ. ಮರ ಉಳಿಯುತ್ತದೆ, ಹೆಂಡತಿ ಉಳಿಯುತ್ತಾಳೆ. ಮಗಳು ಬೆಳಗಾಗುವ ಮೊದಲೇ ಎದ್ದು ಬಸ್ಸು ಹತ್ತುತ್ತಾಳೆ. ಕೊರಿನ್ ಬದುಕಿರುವಷ್ಟು ದಿನ ಡ್ವೈಟ್‌ನನ್ನು ಬಯ್ಯುತ್ತಿರುತ್ತಾಳೆ, ಆನ್ಸೆಲ್ ರೊಟ್ಟಿಗೆ ಬೆಣ್ಣೆ ಸವರುತ್ತಾ ಹೂಂ ಅನ್ನುತ್ತಿರುತ್ತಾನೆ.

ಸುಮ್ಮನಿರುವುದು ಅಷ್ಟು ಸುಲಭವಾಗಿತ್ತು.

"ಇನ್ನೊಂದ್ಸಲ ಕೇಳ್ತೀನಿ, ಆಮೇಲೆ ಚಾವಣಿ," ಎಂದು ಎಡ್ನಾ ಸುತ್ತಿಗೆ ಎತ್ತಿದರು.

ದೂರದಲ್ಲಿ, ಕೆರೆಯ ತಿರುವಿನ ಹತ್ತಿರ, ಹಿಮ ತಳ್ಳುವ ಲಾರಿಯ ಕಬ್ಬಿಣದ ಅಲಗು ರಸ್ತೆಯನ್ನು ಕೆರೆಯುವ ಸದ್ದು ಕೇಳಿಸಿತು. ಮರ್ಲ್ ರೌಂಡು ಮುಗಿಸಿ ಬರುತ್ತಿದ್ದ. ಅವನು ಒಳಗೆ ಕಾಲಿಟ್ಟರೆ ತಾನೇ ಬೀಗ ಜಡಿಸುತ್ತಾನೆ. ಆಗ ಆನ್ಸೆಲ್ ಬಾಯಿ ಬಿಡುವ ಅಗತ್ಯವೇ ಇರುವುದಿಲ್ಲ. ಇನ್ನು ಸ್ವಲ್ಪ ಹೊತ್ತು ಕೂತಿದ್ದರೆ ಸಾಕಿತ್ತು.

ಆನ್ಸೆಲ್ ಎದ್ದು ನಿಂತಿದ್ದ. ಯಾವಾಗ ಎದ್ದೆ ಎಂದು ಅವನಿಗೇ ತಿಳಿದಿರಲಿಲ್ಲ. ಕೊರಿನ್ ಅವನ ಕೋಟು ಜಗ್ಗಿದಳು, ಲೆಸ್ಟರ್ ಥರ ತಮಾಷೆ ಮಾಡಬೇಡ ಅಂತ.

"ಅಧ್ಯಕ್ಷರೇ," ಅಂದ. "ನಾನು ಕಡಿತಕ್ಕೆ ಹಾಕಿದ್ದೆ."

ಲೆಸ್ಟರ್ ಒಬ್ಬ ನಕ್ಕ, ಆಮೇಲೆ ನಿಲ್ಲಿಸಿದ. ಕೋಟು ಜಗ್ಗುತ್ತಿದ್ದ ಕೈ ಹಾಗೇ ನಿಂತಿತು. ಬಿಡಲಿಲ್ಲ, ಹಿಡಿಯಲೂ ಇಲ್ಲ.

"ಎದೆ ಮೇಲಿರೋದು ಸುಳ್ಳಾ?" ಎಂದರು ಎಡ್ನಾ.

"ಸುಳ್ಳು."

"ಸರಿ. ಗೆದ್ದ ಕಡೆಯೋನು ನೀನು. ಬೀಗ ಹಾಕ್ಸೋ ಹಕ್ಕೂ ನಿಂದೇ, ಮತ್ತೆ ವೋಟಿಗೆ ತೆಗ್ಸೋ ಹಕ್ಕೂ ನಿಂದೇ. ಯಾವ್ದು ಹೇಳು."

ಎದ್ದು ನಿಲ್ಲುವಾಗ ಆನ್ಸೆಲ್ಲನಿಗೆ ಇದು ಮರೆತೇ ಹೋಗಿತ್ತು. ಒಪ್ಪಿಕೊಂಡರೆ ಬಾಗಿಲು ತೆರೆಯುತ್ತದೆ ಅಂದುಕೊಂಡಿದ್ದ. ತೆರೆದದ್ದು ಎರಡು ಬಾಗಿಲು. ಹೇಗೂ ಮಾನ ಹೋಗಿದೆ, ಹೇಗೂ ಹೆಂಡತಿಯ ಮುಖ ನೋಡುವ ಹಾಗಿಲ್ಲ, ಮರವನ್ನಾದರೂ ಉಳಿಸಿಕೋ ಎಂದು ಒಳಗೊಂದು ದನಿ ಮರ್ಲ್‌ನ ಧಾಟಿಯಲ್ಲೇ ಹೇಳಿತು. ಕಿಟಕಿಯಾಚೆ ಲಾರಿಯ ಹಳದಿ ದೀಪ ಗುಡ್ಡ ಹತ್ತುತ್ತಾ ಬಿಳಿ ಹಿಮವನ್ನು ಹಳದಿ ಮಾಡುತ್ತಿತ್ತು.

"ತೆಗ್ಸಿ," ಅಂದ ಆನ್ಸೆಲ್.

ಈ ಸಲದ ಚೀಟಿ ಹಳದಿ. ಸಾಲಿನಲ್ಲಿ ಕೊರಿನ್ ಅವನ ಹಿಂದೆ ನಿಲ್ಲಲಿಲ್ಲ, ಎಲ್ಲರಿಗಿಂತ ಮುಂದೆ ಹೋಗಿ ನಿಂತಳು. ಪರದೆಯೊಳಗೆ ಆನ್ಸೆಲ್ ದಾರಕ್ಕೆ ಕಟ್ಟಿದ ಪೆನ್ಸಿಲ್ ಹಿಡಿದುಕೊಂಡು ಬಹಳ ಹೊತ್ತು ನಿಂತ. ಮಗಳಿಗೆ ಕೊಡಬೇಕಾದದ್ದನ್ನು ಹೊರಗೆ, ಎಲ್ಲರ ಮುಂದೆ, ಕೊಟ್ಟಾಗಿತ್ತು. ಉಳಿದವರು ಬಿಲ್ಲೆ ಹಾಕಿಕೊಂಡು ಅದನ್ನು ನೋಡಿಕೊಳ್ಳುತ್ತಾರೆ. ಆದರೆ ಆ ಮರಗಳಿಗೆ ಇಡೀ ಊರಲ್ಲಿ ಇದ್ದದ್ದು ಒಂದೇ ವೋಟು, ಅದು ಈಗ ಅವನ ಕೈಯಲ್ಲಿತ್ತು. ಅವನು ಕಡಿತಕ್ಕೆ ಗುರುತು ಹಾಕಿ, ಒಂದೇ ಮಡಿಕೆ ಮಡಚಿ, ಡಬ್ಬಿಗೆ ಹಾಕಿದ.

ಎಡ್ನಾ ಡಬ್ಬಿ ಮುಚ್ಚುವ ಹೊತ್ತಿಗೆ ಮರ್ಲ್ ಹೆಗಲ ಮೇಲಿನ ಹಿಮ ಕೊಡವುತ್ತಾ ಒಳಗೆ ಬಂದ. ಹಳದಿ ಚೀಟಿಗಳನ್ನು ನೋಡಿದ, ಯಾರೋ ಅವನ ಕಿವಿಯಲ್ಲಿ ಊದಿದರು. ತನ್ನ ಚೀಟಿ ಇಸಿದುಕೊಂಡು ವೋಟು ಹಾಕಿದ. ಹೋಗುವಾಗ ಆನ್ಸೆಲ್ಲನ ಮುಂದೆ ಒಂದು ಗಳಿಗೆ ನಿಂತು, ಅವನ ಕೋಟಿನ ಬಿಲ್ಲೆಯನ್ನು ಬೆರಳಿಂದ ನೆಟ್ಟಗೆ ಮಾಡಿದ. ಬಾಗಿಲು ಬಡಿದ ಸದ್ದು ಕೇಳಿತು, ಲಾರಿ ಹೊರಟ ಸದ್ದು ಕೇಳಿತು.

ಕಡಿತ ಬಿದ್ದುಹೋಯಿತು, ಆರರಲ್ಲಲ್ಲ, ಬಹಳ ವೋಟಿನಲ್ಲಿ. ತಕ್ಷಣ ಯಾರೋ ಎದ್ದು ಬೀಗ ಹಾಕಿಸಿದರು. ತಾಯಂದಿರು ಬಂದು ಆನ್ಸೆಲ್ಲನ ಕೈ ಕುಲುಕಿದರು. ಕೆಲವರು ಕುಲುಕಿದ ಮೇಲೆ ಕೈ ಒರೆಸಿಕೊಂಡರೋ ಏನೋ, ಅವನು ನೋಡಲಿಲ್ಲ. ಡ್ವೈಟ್ ಅವನ ಕಡೆ ತಲೆಯಾಡಿಸಿ ಆಕಳಿಸಿದ. ಲೆಸ್ಟರ್ ಹೆಗಲ ಮೇಲೆ ಕೈಹಾಕಿ, "ಬೆಳಿಗ್ಗೆ ವಿಲನ್ನು, ಮಧ್ಯಾಹ್ನ ಹೀರೋ. ಮನೇಗೋದ್ಮೇಲೆ ಯಾವ್ ಪಾತ್ರ ಗುರು?" ಅಂದ.

ಹೊರಗೆ ಇನ್ನೂ ಹಗಲಿತ್ತು. ಜನ ಗಾಡಿ ಒರೆಸಿಕೊಂಡು ಹೊರಟರು, ಅಂಗಳ ಖಾಲಿಯಾಯಿತು. ಆನ್ಸೆಲ್ಲನ ಪಿಕಪ್ ಒಂದು ಉಳಿಯಿತು. ಅದರ ಸುತ್ತ, ಅದರ ಸುತ್ತ ಮಾತ್ರ, ಎದೆಯೆತ್ತರದ ಹಿಮದ ಗೋಡೆ. ಲಾರಿಯ ಅಲಗಿನ ಗುರುತು ಗೋಡೆಯ ಮೇಲೆ ನುಣ್ಣಗೆ ಕಾಣುತ್ತಿತ್ತು. ಮರ್ಲ್ ಅಚ್ಚುಕಟ್ಟಾಗಿ ಕೆಲಸ ಮಾಡಿದ್ದ. ಇಡೀ ಊರಿನ ಹಿಮವನ್ನು ಅಲ್ಲಿಗೇ ತಂದು ಒತ್ತಿದ ಹಾಗಿತ್ತು.

ಆನ್ಸೆಲ್ ಗೋಡೆ ಹತ್ತಿ ಇಳಿದು ಗಾಡಿಯ ಹಿಂದಿನಿಂದ ಸಲಿಕೆ ತೆಗೆದ. ಇದ್ದದ್ದು ಒಂದೇ ಸಲಿಕೆ. ಅವನು ಅಗೆಯತೊಡಗಿದ. ಕೊರಿನ್ ಗೋಡೆಯಾಚೆ ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ನಿಂತಿದ್ದಳು.

"ಹಳದಿ ಚೀಟಿ. ಅದ್ರಲ್ಲಿ ಏನ್ ಹಾಕ್ದೆ?"

ಆನ್ಸೆಲ್ ಸಲಿಕೆ ನಿಲ್ಲಿಸಿದ. ಚೆಂದದ ಉತ್ತರವೊಂದು ನಾಲಿಗೆಯ ತುದಿಗೆ ಬಂದಿತ್ತು. ಚೀಟಿ ಗುಟ್ಟಿನದು, ಅವನು ಏನು ಹೇಳಿದರೂ ನಡೆಯುತ್ತಿತ್ತು.

"ಕಡಿತಕ್ಕೇ."

ಕೊರಿನ್ ಜೇಬಿನಿಂದ ಕೈ ತೆಗೆದಳು.

"ಎದ್ದು ನಿಂತೋನೂ ನೀನೇ. ಮತ್ತೆ ಹೋಗಿ ಕಡಿತಕ್ಕೆ ಹಾಕ್ದೋನೂ ನೀನೇ."

"ಹೂಂ."

"ಇದು ಆ ಪಾತ್ರೆ ಒರೆಸೋವಾಗಿನ ಹೂಂ ಥರದ್ದಾ?"

"ಅಲ್ಲ."

ಕೊರಿನ್ ಗೋಡೆ ಹತ್ತಿದಳು. ಮೇಲೆ ನಿಂತು ಅವನನ್ನು ನೋಡಿದಳು. ಕೆಳಗೆ ಹಳ್ಳದಲ್ಲಿ ನಿಂತ ಅವನಿಗೆ ಅವಳ ಬೂಟು, ಕೋಟು, ಬಿಲ್ಲೆ ಕಂಡವು, ಮುಖ ಹಿಮದಲ್ಲಿ ಸರಿಯಾಗಿ ಕಾಣಲಿಲ್ಲ. "ಬಾಸ್ಟನ್ನವನಿಗೆ ಫೋನು ನೀನೇ ಮಾಡ್ಬೇಕು," ಅಂದಳು. "ನಾನು ಮಾಡಲ್ಲ. ಮೇವಿಸ್‌ಗೆ ಹೇಳೋದೂ ನೀನೇ. ಮೊದಲನೇ ಚೀಟೀನೂ ಸೇರ್ಸಿ."

ಆನ್ಸೆಲ್ ತಲೆಯಾಡಿಸಿದ.

ಅವಳು ಇಳಿದು ಬಂದು ಪಿಕಪ್ಪಿನ ಹಿಂದಿದ್ದ ಪ್ಲೈವುಡ್ ಹಲಗೆಯನ್ನು ಎಳೆದಳು. ಎರಡೂ ಕೈಯಲ್ಲಿ ಅಡ್ಡ ಹಿಡಿದು, ಹಸಿರು ಅಕ್ಷರಗಳಿಂದಲೇ ಹಿಮವನ್ನು ಆಚೆ ತಳ್ಳತೊಡಗಿದಳು. ಅವನ ಪಕ್ಕದಲ್ಲಲ್ಲ, ಗಾಡಿಯ ಆ ಬದಿಯಲ್ಲಿ. ಸ್ವಲ್ಪ ಹೊತ್ತಿನಲ್ಲೇ ಕೆಳಗೆ ಕೆರೆಯ ತಿರುವಿನಲ್ಲಿ ಮತ್ತೆ ಅಲಗು ರಸ್ತೆಯನ್ನು ಕೆರೆಯುವ ಸದ್ದು ಕೇಳಿತು. ಮರ್ಲ್ ಇನ್ನಷ್ಟು ಹಿಮ ತಳ್ಳಿಕೊಂಡು ಇನ್ನೊಂದು ರೌಂಡಿಗೆ ಗುಡ್ಡ ಹತ್ತುತ್ತಿದ್ದ. ಇಬ್ಬರೂ ಒಮ್ಮೆಗೇ ತಲೆಯೆತ್ತಿ ಕೇಳಿಸಿಕೊಂಡು, ಕೈ ಬೇಗ ಬೇಗ ಆಡಿಸಿದರು.